ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್: ಫ್ರೀಕ್ವೆನ್ಸಿ ಅಳೆಯಲು ಸೈ, ಪವರ್ ಅಳೆಯಲು ಸ್ವಲ್ಪ ಹುಷಾರು
ಬರುತ್ತಿರುವ ಸಿಗ್ನಲ್‌ನ ಫ್ರೀಕ್ವೆನ್ಸಿ ಎಷ್ಟು, ಅದರಲ್ಲಿ ನಾಯ್ಸ್ ಎಷ್ಟು, ಇವನ್ನೆಲ್ಲ ಅಂದಾಜು ಮಾಡಲು ಕಲಿಯಬೇಕು ಅನ್ನುವವರಿಗೆ ನಾನು ಈ ಡಾಂಗಲನ್ನೇ ಹೇಳುತ್ತೇನೆ. ಇದು ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್, ಉಳಿದ ಕೆಲಸವೆಲ್ಲ ಕಂಪ್ಯೂಟರಿನ ಸಾಫ್ಟ್‌ವೇರಿನದು. ಒಳಗಿರುವುದು ಆರ್‌ಟಿಎಲ್2832ಯು ಚಿಪ್ಪು ಮತ್ತು ಆರ್820ಟಿ2 ಟ್ಯೂನರ್. ಈ ಚಿಪ್ಪು ಹುಟ್ಟಿದ್ದು ಕಂಪ್ಯೂಟರಿನಲ್ಲಿ ಟಿವಿ ನೋಡಲಿಕ್ಕೆ. 2012ರ ಹೊತ್ತಿಗೆ ಹವ್ಯಾಸಿಗಳು ಇದರಿಂದ ಐ-ಕ್ಯೂ ಸ್ಯಾಂಪಲ್‌ಗಳನ್ನೇ (ಸಿಗ್ನಲ್‌ನ ಬಲ, ಫೇಸ್ ಎರಡನ್ನೂ ಹಿಡಿದಿಡುವ ಸಂಖ್ಯೆಗಳ ಜೋಡಿ) ನೇರವಾಗಿ ಪಡೆಯಬಹುದು ಅಂತ ಕಂಡುಕೊಂಡರು. ಅಲ್ಲಿಂದ ಇದರ ಕಥೆಯೇ ಬದಲಾಯಿತು.

ಕೊಳ್ಳುವಾಗ ಟಿಸಿಎಕ್ಸ್‌ಒ (ಬಿಸಿ-ತಂಪಿಗೆ ಅಷ್ಟಾಗಿ ಅಲುಗದ ಕ್ಲಾಕ್ ಕ್ರಿಸ್ಟಲ್) ಇರುವುದನ್ನೇ ಕೇಳಿ ತಗೊಳ್ಳಿ. ಮಾಮೂಲಿ ಕ್ರಿಸ್ಟಲ್ ಇರುವವು ಹತ್ತಾರು ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ತಪ್ಪಿರುತ್ತವೆ. 50 ಪಿಪಿಎಂ ಅಂದರೆ 900 ಮೆಗಾಹರ್ಟ್ಸ್‌ನಲ್ಲಿ 45 ಕಿಲೋಹರ್ಟ್ಸ್ ಆಚೀಚೆ! ಟಿಸಿಎಕ್ಸ್‌ಒ ಇದ್ದು ತಪ್ಪು 1 ಪಿಪಿಎಂ ಆದರೆ ಬರೀ 900 ಹರ್ಟ್ಸ್. ಈ ಉಳಿದ ತಪ್ಪನ್ನೂ ಹಿಡಿಯಬಹುದು. ಜಿಎಸ್‌ಎಂ (2ಜಿ ಮೊಬೈಲ್) ಇನ್ನೂ ಚಾಲ್ತಿಯಲ್ಲಿರುವ ಕಡೆ ಟವರು ಆಗಾಗ ಕ್ಯಾರಿಯರ್‌ಗಿಂತ (ಸಿಗ್ನಲನ್ನು ಹೊತ್ತ ಮೂಲ ಫ್ರೀಕ್ವೆನ್ಸಿ) 67.7 ಕಿಲೋಹರ್ಟ್ಸ್ ಮೇಲೆ ಶುದ್ಧವಾದ ಒಂದು ಟೋನ್ ಕಳಿಸುತ್ತದೆ, ಅದು ನಿಮ್ಮಲ್ಲಿ ಎಲ್ಲಿ ಬಿತ್ತು ಅಂತ ನೋಡಿದರೆ ವ್ಯತ್ಯಾಸವೇ ನಿಮ್ಮ ಡಾಂಗಲ್‌ನ ತಪ್ಪು.

ಎಫ್‌ಎಫ್‌ಟಿಯಲ್ಲಿ (ಸಿಗ್ನಲನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸಿ ತೋರಿಸುವ ಲೆಕ್ಕ) ಎಲ್ಲಕ್ಕಿಂತ ಎತ್ತರದ ಬಿನ್ (ಫ್ರೀಕ್ವೆನ್ಸಿಯ ಒಂದು ಖಾನೆ) ನೋಡಿ ಅದೇ ಉತ್ತರ ಅಂತ ಬರೆದುಕೊಳ್ಳಬೇಡಿ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್, 1024 ಪಾಯಿಂಟ್ ಎಫ್‌ಎಫ್‌ಟಿ ಅಂದರೆ ಎರಡು ಬಿನ್ನುಗಳ ನಡುವೆ ಸುಮಾರು 2.3 ಕಿಲೋಹರ್ಟ್ಸ್ ಅಂತರ. ಅಕ್ಕಪಕ್ಕದ ಬಿನ್ನುಗಳನ್ನೂ ಸೇರಿಸಿ ಇಂಟರ್‌ಪೋಲೇಟ್ ಮಾಡಿದರೆ (ನಡುವಿನ ನಿಜವಾದ ತುದಿಯನ್ನು ಲೆಕ್ಕಹಾಕಿದರೆ) ಅದಕ್ಕಿಂತ ಎಷ್ಟೋ ಹತ್ತಿರ ಹೋಗಬಹುದು. ರೆಕಾರ್ಡಿಂಗ್ ಉದ್ದ ಮಾಡಿದಷ್ಟೂ ಲಾಭ: ಉದ್ದ ಎರಡರಷ್ಟಾದರೆ ಲೆಕ್ಕದ ಪ್ರಕಾರ ಟೋನ್‌ನ ಅಂದಾಜಿನ ದೋಷ ಸುಮಾರು 2.8 ಪಟ್ಟು ಇಳಿಯಬೇಕು. ಆದರೆ ಡಾಂಗಲ್ ಬಿಸಿಯಾಗುತ್ತಾ ಕ್ರಿಸ್ಟಲ್ ಸರಿಯತೊಡಗಿದರೆ ಆ ಲೆಕ್ಕವೇ ನಡೆಯುವುದಿಲ್ಲ. ಅದಕ್ಕೇ ಮೊದಲು ಸ್ವಲ್ಪ ಹೊತ್ತು ಸುಮ್ನೆ ಓಡಲು ಬಿಡಿ, ಆಮೇಲೆ ಅಳೆಯಿರಿ.

ನಾಲ್ಕು ಫೇಸ್‌ಗಳಲ್ಲಿ ಡೇಟಾ ಕಳಿಸುವ ಕ್ಯೂಪಿಎಸ್‌ಕೆ ಸಿಗ್ನಲ್‌ನಲ್ಲಿ ಕ್ಯಾರಿಯರ್ ಗೆರೆಯೇ ಕಾಣುವುದಿಲ್ಲ ಅಲ್ವಾ? ಸ್ಯಾಂಪಲ್‌ಗಳನ್ನು ನಾಲ್ಕನೇ ಘಾತಕ್ಕೆ ಏರಿಸಿ ಎಫ್‌ಎಫ್‌ಟಿ ಮಾಡಿ. ಆಫ್‌ಸೆಟ್‌ನ (ನೀವು ಟ್ಯೂನ್ ಮಾಡಿದ ಜಾಗದಿಂದ ಕ್ಯಾರಿಯರ್ ಸರಿದಿರುವ ಅಂತರ) ನಾಲ್ಕು ಪಟ್ಟಿನಲ್ಲಿ ಗೆರೆ ಎದ್ದು ನಿಲ್ಲುತ್ತದೆ. ಮೊದಲ ಸಲ ಅದನ್ನು ಕಂಡಾಗ ಆಗುವ ಖುಷಿಯೇ ಬೇರೆ. ಸಿಗ್ನಲ್ ದುರ್ಬಲವಾಗಿದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ, ನಾಯ್ಸ್ ಕೂಡ ಜೊತೆಗೇ ಏರುತ್ತದೆ.

ಪವರ್ ವಿಷಯಕ್ಕೆ ಬಂದರೆ ನನಗೆ ಅಷ್ಟು ಸಮಾಧಾನವಿಲ್ಲ. ಎಡಿಸಿ (ಸಿಗ್ನಲನ್ನು ಸಂಖ್ಯೆಯಾಗಿಸುವ ಭಾಗ) ಇರುವುದು 8 ಬಿಟ್, ಅಂದರೆ ಬಲವಾದ ಮತ್ತು ದುರ್ಬಲ ಸಿಗ್ನಲ್‌ಗಳ ನಡುವೆ ಅದಕ್ಕೆ ದಕ್ಕುವ ಅಂತರ ಹೆಚ್ಚೆಂದರೆ ಸುಮಾರು 50 ಡಿಬಿ. ಸಾಫ್ಟ್‌ವೇರ್ ತೋರಿಸುವ ಡಿಬಿ ಸಂಖ್ಯೆ ಎಡಿಸಿಯ ಗರಿಷ್ಠ ಮಟ್ಟಕ್ಕೆ ಹೋಲಿಸಿದ್ದು, ಅದನ್ನು ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ನಿಜವಾದ ಪವರ್) ಅಂತ ಓದಬೇಡಿ. ಎಜಿಸಿ (ಗೇನನ್ನು ತಾನಾಗಿಯೇ ಬದಲಿಸುವ ವ್ಯವಸ್ಥೆ) ಆಫ್ ಮಾಡಿ. ಗೇನನ್ನು ಮೆಲ್ಲಗೆ ಏರಿಸುತ್ತಾ ನಾಯ್ಸ್ ಮಟ್ಟ ಎದ್ದದ್ದು ಕಂಡ ಕೂಡಲೇ ಅಲ್ಲೇ ನಿಲ್ಲಿಸಿ. ಜಾಸ್ತಿ ಏರಿಸಿದರೆ ಪಕ್ಕದ ಬಲವಾದ ಸಿಗ್ನಲ್ ಇಲ್ಲದ ಗೆರೆಗಳನ್ನು ಹುಟ್ಟಿಸುತ್ತದೆ, ಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು) ಅಂದಾಜು ಪೂರ್ತಿ ಕೆಡುತ್ತದೆ.

ಸ್ಯಾಂಪಲ್ ರೇಟನ್ನು 24 ಲಕ್ಷಕ್ಕಿಂತ ಮೇಲೆ ಒಯ್ಯಬೇಡಿ. ನಡುವೆ ಸ್ಯಾಂಪಲ್ ಬಿಟ್ಟುಹೋದರೆ ಟೈಮಿಂಗ್ ಅಂದಾಜಿಗೆ ಅರ್ಥವೇ ಉಳಿಯುವುದಿಲ್ಲ.

ಎರಡು ಡಾಂಗಲ್ ಹಾಕಿ ಸಿಗ್ನಲ್ ಬರುವ ದಿಕ್ಕನ್ನು ಕಂಡುಹಿಡಿಯೋಣ ಅಂದುಕೊಂಡರೆ ಹಾಗೆಯೇ ಆಗುವುದಿಲ್ಲ. ಒಂದೊಂದರ ಕ್ರಿಸ್ಟಲ್ ಒಂದೊಂದು ದಾರಿ ಹಿಡಿಯುತ್ತದೆ, ಫೇಸ್ ಹೋಲಿಸಲು ಬರುವುದಿಲ್ಲ. ಆ ಕೆಲಸಕ್ಕೆ ಎಲ್ಲ ಚಾನೆಲ್‌ಗೂ ಒಂದೇ ಕ್ಲಾಕ್ ಇರುವ ರಿಸೀವರನ್ನೇ ತಗೊಳ್ಳಿ.