ಕನ್ನಡ ಕಡತಗಳನ್ನು ಉಚಿತ ಎಡಿಟರ್‌ನಲ್ಲಿ ತೆರೆಯುವವರಿಗೆ: ಹನ್ನೊಂದು ಕಡತ ಕಳೆದುಕೊಂಡವನ ಎಚ್ಚರಿಕೆ

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಉಚಿತ ಟೆಕ್ಸ್ಟ್ ಎಡಿಟರ್‌ನಲ್ಲಿ ಕನ್ನಡ ಕಡತಗಳನ್ನು ಇಟ್ಟುಕೊಂಡು ಕೆಲಸ ಮಾಡುವವರಿಗೆ ಮೊದಲು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ‘ಎನ್‌ಕೋಡಿಂಗ್’ ಮೆನುವಿನಲ್ಲಿ ‘ಕನ್ವರ್ಟ್ ಟು ಆನ್ಸಿ’ (ಆನ್ಸಿ ಎಂಬ ಹಳೆಯ ಅಕ್ಷರ ಸಂಕೇತ ಪದ್ಧತಿಗೆ ಬದಲಿಸು) ಎಂಬ ಒಂದು ಸಾಲಿದೆ. ಯುನಿಕೋಡ್‌ನಲ್ಲಿ, ಅಂದರೆ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿಯಲ್ಲಿ, ಬರೆದ ಕನ್ನಡವಿರುವ ಕಡತ ತೆರೆದಿರುವಾಗ ಆ ಸಾಲನ್ನು ಒತ್ತಿ, ಕಡತವನ್ನು ಉಳಿಸಿ, ಮುಚ್ಚಿಬಿಟ್ಟರೆ ಅದರೊಳಗಿನ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗಿ ಉಳಿಯುತ್ತದೆ. ಅದನ್ನು ಮತ್ತೆ ಕನ್ನಡ ಮಾಡಿಕೊಡುವ ಯಾವ ತಂತ್ರಾಂಶವೂ ಇಲ್ಲ. ನಾನು ಒಂದೇ ಸಂಜೆಯಲ್ಲಿ ಹನ್ನೊಂದು ಕಡತಗಳಿಗೆ ಹೀಗೆ ಮಾಡಿದೆ.

ಆ ಕಡತಗಳಲ್ಲಿ ಇದ್ದದ್ದು ಸಾಗರ ತಾಲ್ಲೂಕಿನ ನಮ್ಮ ಸೀಮೆಯ ಅಡಿಕೆ ತೋಟದ ಮಾತುಗಳು. ಕೊನೆ ಕೊಯ್ಯುವ ಉದ್ದನೆಯ ದೋಟಿ, ಕೊಳೆರೋಗ ತಗಲದಂತೆ ಅಡಿಕೆ ಕೊನೆಗಳಿಗೆ ಕಟ್ಟುತ್ತಿದ್ದ ಕರಡದ ಕೊಟ್ಟೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಮುಂತಾದ ಪದಗಳನ್ನು, ಅವುಗಳ ಅರ್ಥವನ್ನು, ಅವನ್ನು ಹೇಳಿದವರ ವಾಕ್ಯಗಳ ಸಮೇತ ಆರು ವರ್ಷಗಳಿಂದ ಬರೆದಿಡುತ್ತ ಬಂದಿದ್ದೆ. ಬಹುಪಾಲು ನನ್ನ ತಂದೆಯವರು ಹೇಳಿದ್ದು. ಅವರು ತೀರಿಕೊಂಡು ಎರಡು ವರ್ಷವಾಯಿತು. ಆದ್ದರಿಂದ ಇದು ಮತ್ತೆ ಕೇಳಿ ಬರೆದುಕೊಳ್ಳಬಹುದಾದ ಸಂಗತಿಯಲ್ಲ.

ತಪ್ಪು ಶುರುವಾದದ್ದು ಎಡಿಟರನ್ನು ಇಳಿಸಿಕೊಳ್ಳುವ ಹಂತದಲ್ಲಿಯೇ. ಕಳೆದ ವರ್ಷ ಹೊಸ ಕಂಪ್ಯೂಟರ್ ಕೊಂಡಾಗ ಹುಡುಕು ಪುಟದಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂದು ಬರೆದು, ಎಲ್ಲಕ್ಕಿಂತ ಮೇಲೆ ಬಂದ ಕೊಂಡಿಯನ್ನು ಒತ್ತಿದೆ. ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು ಎಂದು ಅದರ ನೆತ್ತಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು, ನಾನು ಅದನ್ನು ಓದಲಿಲ್ಲ. ತೆರೆದ ಪುಟದಲ್ಲಿ ಈ ಎಡಿಟರ್‌ನ ಗುರುತಾದ ಗೋಸುಂಬೆಯ ಚಿತ್ರವೂ ಇತ್ತು, ಒಂದರ ಕೆಳಗೊಂದರಂತೆ ಮೂರು ಹಸಿರು ಡೌನ್‌ಲೋಡ್ ಗುಂಡಿಗಳೂ ಇದ್ದವು. ಇಳಿಸಿಕೊಂಡ ಕಡತವನ್ನು ನಡೆಸಿದಾಗ ‘ನೆಕ್ಸ್ಟ್’ ‘ನೆಕ್ಸ್ಟ್’ ಎಂದು ಒತ್ತುತ್ತ ಹೋದೆ. ಎಡಿಟರ್ ಬಂದಿತು, ಅದರ ಜೊತೆಗೆ ನಾನು ಕೇಳದ ಇನ್ನೂ ಎರಡು ತಂತ್ರಾಂಶಗಳು ಬಂದವು. ಅವುಗಳಲ್ಲೊಂದು ಕಂಪ್ಯೂಟರ್ ಶುಚಿಗೊಳಿಸುವುದಾಗಿ ಹೇಳಿಕೊಂಡು, ನೂರಾರು ದೋಷಗಳಿವೆ ಎಂದು ಐದು ನಿಮಿಷಕ್ಕೊಮ್ಮೆ ಹೆದರಿಸಿ ಹಣ ಕೇಳತೊಡಗಿತು. ಬ್ರೌಸರ್‌ನ ಮುಖಪುಟವೂ ಬದಲಾಗಿತ್ತು. ಎಷ್ಟು ಬಾರಿ ತೆಗೆದುಹಾಕಿದರೂ ಮತ್ತೆ ಕಾಣಿಸಿಕೊಳ್ಳುತ್ತಿದ್ದುದರಿಂದ ಕೊನೆಗೆ ಕಂಪ್ಯೂಟರನ್ನು ಪೇಟೆಯ ಅಂಗಡಿಗೆ ಒಯ್ದೆ. ಅವರು ನನ್ನ ಕಡತಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಟ್ಟು, ಎಲ್ಲವನ್ನೂ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿದರು. ಕಡತ ಬಿಟ್ಟುಹೋಗಬಾರದೆಂದು ನಾನು ಪ್ರತಿಯೊಂದರ ಹೆಸರನ್ನೂ ಗಾತ್ರವನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೆ. ಅಂದಿನಿಂದ ನನ್ನ ಕೆಲಸವೆಲ್ಲ ಆ ಒಂದು ಪೆನ್‌ಡ್ರೈವ್‌ನಲ್ಲಿ ಮಾತ್ರ ಇತ್ತು ಎಂಬುದನ್ನು ನಾನು ಆಗ ಗಮನಿಸಬೇಕಿತ್ತು.

ಅಸಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ತಪ್ಪು ಇದರಲ್ಲಿ ಕಿಂಚಿತ್ತೂ ಇಲ್ಲ. ಡಾನ್ ಹೋ ಎಂಬವರು 2003ರಲ್ಲಿ ಅದನ್ನು ಮೊದಲು ಬಿಡುಗಡೆ ಮಾಡಿದರು. ಅಂದಿನಿಂದ ಇಂದಿನವರೆಗೂ ಅದು ಉಚಿತವಾಗಿಯೇ, ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದಾದ ಮುಕ್ತ ತಂತ್ರಾಂಶವಾಗಿಯೇ ಉಳಿದಿದೆ. ವಿಂಡೋಸ್‌ಗೆಂದೇ ಬರೆದ ಎಡಿಟರ್ ಅದು. ಹೆಸರನ್ನು ಹೋಲುವ ಬೇರೊಂದು ತಾಣ ಹುಡುಕಾಟದಲ್ಲಿ ಮೇಲೆ ಬಂದು ಜನರನ್ನು ದಾರಿ ತಪ್ಪಿಸುತ್ತಿದೆ ಎಂದು 2024ರಲ್ಲಿ ಆ ಯೋಜನೆಯವರೇ ಬಳಕೆದಾರರಲ್ಲಿ ದೂರಿಕೊಂಡಿದ್ದರು. ಅದಕ್ಕೂ ಮೊದಲು, 2023ರಲ್ಲಿ, ಇದೇ ಎಡಿಟರ್‌ನ ಹೆಸರಿನ ಹುಡುಕು ಜಾಹೀರಾತುಗಳ ಮೂಲಕ ದುರುದ್ದೇಶದ ತಂತ್ರಾಂಶ ಹಂಚುತ್ತಿದ್ದುದನ್ನು ಭದ್ರತಾ ಸಂಶೋಧಕರು ಬಯಲು ಮಾಡಿದ್ದರು. ಆದ್ದರಿಂದ ಹುಡುಕದೆ, ಅದರ ಸ್ವಂತ ವಿಳಾಸವನ್ನೇ ನೇರವಾಗಿ ಬರೆಯಬೇಕು: ನೋಟ್‌ಪ್ಯಾಡ್, ಅಡ್ಡಗೆರೆ, ಪ್ಲಸ್, ಅಡ್ಡಗೆರೆ, ಪ್ಲಸ್, ಡಾಟ್ ಓಆರ್‌ಜಿ. ಅಸಲಿ ಕಡತ 10 ಎಂಬಿಗಿಂತ ಚಿಕ್ಕದು, ಅದು ಹಣವನ್ನಾಗಲಿ ಮೊಬೈಲ್ ಸಂಖ್ಯೆಯನ್ನಾಗಲಿ ಕೇಳುವುದಿಲ್ಲ. ಇಳಿಸಿಕೊಂಡ ಮೇಲೆ ಕಡತದ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದು, ‘ಡಿಜಿಟಲ್ ಸಿಗ್ನೇಚರ್ಸ್’ ಎಂಬಲ್ಲಿ ಯಾರ ಸಹಿ ಇದೆ ಎಂದು ನೋಡಲು ಅರ್ಧ ನಿಮಿಷ ಸಾಕು.

ಅಂಗಡಿಯಿಂದ ಬಂದ ಮೇಲೆ ನಾನು ಸರಿಯಾದ ವಿಳಾಸದಿಂದಲೇ ಎಡಿಟರನ್ನು ಹಾಕಿಕೊಂಡೆ. ಆ ಪೆನ್‌ಡ್ರೈವ್‌ನಲ್ಲಿ ಒಟ್ಟು ಹದಿನಾಲ್ಕು ಕಡತಗಳಿದ್ದವು. ಮೂರು ಹಳೆಯವು, ನುಡಿ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ ಬರೆದವು. ಉಳಿದ ಹನ್ನೊಂದು ಯುನಿಕೋಡ್‌ನಲ್ಲಿ ಬರೆದವು. ಹಳೆಯ ಮೂರನ್ನು ಯುನಿಕೋಡ್‌ಗೆ ತರಬೇಕೆಂದಿದ್ದೆ. ಪರಿಚಿತರೊಬ್ಬರು, ಪರಿವರ್ತಕಕ್ಕೆ ಕೊಡುವ ಮೊದಲು ಕಡತಗಳು ಆನ್ಸಿಯಲ್ಲಿ ಇರಬೇಕು ಎಂದು ಫೋನಿನಲ್ಲಿ ಹೇಳಿದರು. ಅವರು ಹೇಳಿದ್ದು ಹಳೆಯ ಕಡತಗಳ ವಿಷಯ. ನಾನು ಹದಿನಾಲ್ಕನ್ನೂ ಪೆನ್‌ಡ್ರೈವ್‌ನಿಂದಲೇ ನೇರವಾಗಿ ತೆರೆದಿದ್ದವನು, ಒಂದೊಂದೇ ಟ್ಯಾಬ್‌ಗೆ ಹೋಗಿ ‘ಕನ್ವರ್ಟ್ ಟು ಆನ್ಸಿ’ ಒತ್ತಿದೆ. ಕನ್ನಡವಿದ್ದ ಪರದೆಯಲ್ಲಿ ಪ್ರಶ್ನೆಚಿಹ್ನೆಗಳು ತುಂಬಿಕೊಂಡದ್ದನ್ನು ನಾನು ಕಂಡೆ. ಕಂಡೂ ನಿಲ್ಲಲಿಲ್ಲ. ನುಡಿಯ ಕಡತಗಳು ಹೇಗೂ ಅರ್ಥವಾಗದ ಚಿಹ್ನೆಗಳಾಗಿಯೇ ಕಾಣುತ್ತಿದ್ದುದರಿಂದ, ಇದೂ ಅಂಥದೇ ಒಂದು ತೋರಿಕೆ, ಪರಿವರ್ತಕಕ್ಕೆ ಹಾಕಿದರೆ ಸರಿಹೋಗುತ್ತದೆ ಎಂದುಕೊಂಡು ‘ಸೇವ್ ಆಲ್’ ಒತ್ತಿ, ಎಡಿಟರ್ ಮುಚ್ಚಿ, ಕಂಪ್ಯೂಟರ್ ಆರಿಸಿ ಮಲಗಿದೆ.

ಮರುದಿನ ಹಳೆಯ ಮೂರು ಕಡತಗಳು ಪರಿವರ್ತಕದಲ್ಲಿ ಚೆನ್ನಾಗಿಯೇ ಕನ್ನಡವಾದವು. ಉಳಿದವು ಆಗಲಿಲ್ಲ. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ.

“ಮಾವ, ಒಂದು ಫೈಲಿನ ಸೈಜ್ ಎಷ್ಟಿದೆ ನೋಡಿ ಹೇಳಿ” ಎಂದ.

“ಎಪ್ಪತ್ತೆಂಟು ಕೆಬಿ.”

“ಮೊದಲು ಎಷ್ಟಿತ್ತು ಅಂತ ಏನಾದರೂ ಗುರುತಿದೆಯಾ?”

ಚೀಟಿ ತೆಗೆದು ನೋಡಿದೆ. ಅದರಲ್ಲಿ 212 ಎಂದಿತ್ತು. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಬೇರೆ ಎಲ್ಲಾದರೂ ಕಾಪಿ ಇದೆಯಾ ಮಾವ?” ಎಂದು ಕೇಳಿದ.

ಆ ಎರಡು ಸಂಖ್ಯೆಗಳಲ್ಲಿಯೇ ಎಲ್ಲವೂ ಇತ್ತು ಎಂದು ನನಗೆ ಅರ್ಥವಾದದ್ದು ಅವನು ವಿವರಿಸಿದ ಮೇಲೆ. ಯುಟಿಎಫ್-8 ಎಂಬ ರೀತಿಯಲ್ಲಿ ಉಳಿಸಿದ ಯುನಿಕೋಡ್ ಪಠ್ಯದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ವಿಂಡೋಸ್‌ನಲ್ಲಿ ಆನ್ಸಿ ಎಂದು ಕರೆಯುವ ಹಳೆಯ ಪದ್ಧತಿಯಲ್ಲಿ ನಮ್ಮ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಚಿಹ್ನೆಗೆ ಒಂದೇ ಬೈಟ್. ಒಟ್ಟು 256 ಸ್ಥಾನಗಳು, ಅವುಗಳಲ್ಲಿ ಕನ್ನಡಕ್ಕೆ ಒಂದೂ ಇಲ್ಲ. ಸ್ಥಾನವಿಲ್ಲದ ಅಕ್ಷರವನ್ನು ಆ ಪದ್ಧತಿಗೆ ಬಲವಂತವಾಗಿ ತಂದಾಗ ಅದರ ಬದಲು ಪ್ರಶ್ನೆಚಿಹ್ನೆ ಕೂರುತ್ತದೆ. ‘ಕ’ ಇದ್ದಲ್ಲಿಯೂ ‘ಳ’ ಇದ್ದಲ್ಲಿಯೂ ಅದೇ ಒಂದು ಬೈಟ್ ಆದ್ದರಿಂದ, ಅಲ್ಲಿ ಮೊದಲು ಯಾವ ಅಕ್ಷರವಿತ್ತು ಎಂಬ ಸುಳಿವೇ ಕಡತದಲ್ಲಿ ಉಳಿಯುವುದಿಲ್ಲ. ‘ಕನ್ನಡ’ ಎಂಬ ಪದ ಐದು ಪ್ರಶ್ನೆಚಿಹ್ನೆಗಳಾಗುತ್ತದೆ. ಒತ್ತಕ್ಷರ, ಗುಣಿತ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳಾದ್ದರಿಂದ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಪ್ರಶ್ನೆಚಿಹ್ನೆಗಳಾಗುತ್ತದೆ. ಹೀಗಾಗಿಯೇ ಕಡತದ ಗಾತ್ರ ಮೂರರಲ್ಲೊಂದು ಪಾಲಿನ ಹತ್ತಿರಕ್ಕೆ ಕುಸಿದಿತ್ತು. ಇನ್ನೊಂದು ಮಾತನ್ನೂ ಅವನು ಹೇಳಿದ, ಅದು ನನ್ನನ್ನು ಇಂದಿಗೂ ಕಾಡುತ್ತದೆ: ನುಡಿಯ ಆ ಹಳೆಯ ಕಡತಗಳಿಗೂ ಈ ಪರಿವರ್ತನೆ ಬೇಕಿರಲಿಲ್ಲ, ಅವು ಮೊದಲಿನಿಂದಲೂ ಆನ್ಸಿಯಲ್ಲಿಯೇ ಇದ್ದವು.

ಎಡಿಟರ್‌ನಲ್ಲಿ ಕನ್ನಡ ಕೆಟ್ಟಂತೆ ಕಾಣುವ ಮೂರು ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದಿದ್ದರೆ ನನ್ನ ಕಡತಗಳು ಉಳಿಯುತ್ತಿದ್ದವು, ಆದ್ದರಿಂದ ಇದನ್ನು ನಿಧಾನವಾಗಿ ಓದಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಪಠ್ಯದ ಒಳಗಿರುವುದು ರೋಮನ್ ಚಿಹ್ನೆಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಎಡಿಟರ್‌ನಲ್ಲಿ ನುಡಿಯ ‘ಕನ್ನಡ’ ಎಂಬ ಪದವು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ದೊಡ್ಡ ಎ, ಪೌಂಡ್ ಹಣದ ಚಿಹ್ನೆ ಎಂಬಂತೆ ಕಾಣುತ್ತದೆ. ಇದು ಕೆಟ್ಟಿಲ್ಲ, ಎನ್‌ಕೋಡಿಂಗ್ ಮೆನುವಿನಿಂದ ಇದು ಕನ್ನಡವಾಗುವುದೂ ಇಲ್ಲ, ಇದಕ್ಕೆ ನುಡಿಯಿಂದ ಯುನಿಕೋಡ್‌ಗೆ ತರುವ ಪರಿವರ್ತಕವೇ ಬೇಕು. ಎರಡನೆಯದು, ಯುನಿಕೋಡ್ ಕಡತವನ್ನು ಎಡಿಟರ್ ತಪ್ಪಾಗಿ ಆನ್ಸಿ ಎಂದು ಓದಿದಾಗ ಆಗುವುದು. ಆಗ ತಲೆಯ ಮೇಲೆ ಗೀಟಿರುವ ಸಣ್ಣ ಎ, ಅದರ ಭುಜದ ಮೇಲೆ ಪುಟ್ಟದಾದ 2 ಅಥವಾ 3 ಅಂಕಿ, ಆಮೇಲೆ ಇನ್ನೊಂದು ಚಿಹ್ನೆ, ಇದೇ ಮತ್ತೆ ಮತ್ತೆ ಸಾಲುಗಟ್ಟಿ ಬರುತ್ತದೆ. ಇದೂ ಕೆಟ್ಟಿಲ್ಲ. ಏನನ್ನೂ ತಿದ್ದದೆ, ಉಳಿಸದೆ, ಎನ್‌ಕೋಡಿಂಗ್ ಮೆನುವಿನ ಮೇಲಿನ ಭಾಗದಲ್ಲಿರುವ ‘ಯುಟಿಎಫ್-8’ ಎಂಬುದನ್ನು ಆರಿಸಿದರೆ ಕನ್ನಡ ಮರಳಿ ಕಾಣುತ್ತದೆ. ಮೂರನೆಯದು ಬರಿಯ ಪ್ರಶ್ನೆಚಿಹ್ನೆಗಳು. ಅವು ಪರದೆಯ ಮೇಲೆ ಕಂಡ ಕ್ಷಣವೇ ಕೈ ನಿಲ್ಲಬೇಕು. ಉಳಿಸಬಾರದು. ಉಳಿಸದೆ ಕಡತವನ್ನು ಮುಚ್ಚಿದರೆ ಡಿಸ್ಕಿನಲ್ಲಿರುವ ಕನ್ನಡ ಹಾಗೆಯೇ ಇರುತ್ತದೆ.

ಆ ಮೆನುವಿನ ಮೇಲಿನ ಸಾಲುಗಳು ಇದ್ದ ಕಡತವನ್ನು ಹೇಗೆ ಓದಬೇಕು ಎಂದು ಎಡಿಟರ್‌ಗೆ ಹೇಳುತ್ತವೆ; ‘ಕನ್ವರ್ಟ್’ ಎಂದು ಶುರುವಾಗುವ ಕೆಳಗಿನ ಸಾಲುಗಳು ಒಳಗಿನ ಬೈಟ್‌ಗಳನ್ನೇ ಬದಲಿಸುತ್ತವೆ. ಎರಡೂ ಒಂದೇ ಮೆನುವಿನಲ್ಲಿ, ಒಂದೇ ಹೆಸರುಗಳೊಂದಿಗೆ ಇವೆ. ಮೆನುಗಳನ್ನು ಕನ್ನಡದಲ್ಲಿ ನೋಡುವ ಸೌಲಭ್ಯ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇದೆ, ಆದರೂ ಈ ವ್ಯತ್ಯಾಸ ಗೊತ್ತಿಲ್ಲದವರಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಕನ್ನಡ ಸರಿಯಾಗಿ ಕಾಣುತ್ತಿರುವಾಗ ಕಿಟಕಿಯ ಕೆಳಗಿನ ಪಟ್ಟಿಯ ಬಲಬದಿಯಲ್ಲಿ ಯುಟಿಎಫ್-8 ಎಂದಿದೆಯೇ ಎಂದು ನೋಡಿಕೊಳ್ಳುವ ರೂಢಿಯನ್ನು ಈಗ ನಾನು ಬೆಳೆಸಿಕೊಂಡಿದ್ದೇನೆ.

ಎಡಿಟರ್ ತಾನಾಗಿಯೇ ಬ್ಯಾಕಪ್ ಇಡುತ್ತದೆ ಎಂದು ನಂಬಿರುವವರು ಬಹಳ ಜನ, ನಾನೂ ನಂಬಿದ್ದೆ. ಅದು ಏಳು ಸೆಕೆಂಡಿಗೊಮ್ಮೆ ತೆಗೆದಿಡುವುದು ಇನ್ನೂ ಉಳಿಸದ ಬರವಣಿಗೆಯನ್ನು, ವಿದ್ಯುತ್ ಹೋದರೆ ಕಳೆಯದಿರಲಿ ಎಂದು. ನೀವೇ ಕೈಯಾರೆ ಉಳಿಸಿದ ಮೇಲೆ ಹಿಂದಿನ ಪ್ರತಿಯನ್ನು ಅದು ಇಟ್ಟುಕೊಳ್ಳುವುದಿಲ್ಲ. ಹಿಂದಿನ ಪ್ರತಿ ಬೇಕಿದ್ದರೆ ‘ಸೆಟ್ಟಿಂಗ್ಸ್’, ‘ಪ್ರಿಫರೆನ್ಸಸ್’, ‘ಬ್ಯಾಕಪ್’ ಎಂಬಲ್ಲಿಗೆ ಹೋಗಿ ‘ಬ್ಯಾಕಪ್ ಆನ್ ಸೇವ್’ ಎಂಬುದರಲ್ಲಿ ‘ವರ್ಬೋಸ್’ ಎಂಬುದನ್ನು ಆರಿಸಬೇಕು. ಆಗ ಉಳಿಸಿದಾಗಲೆಲ್ಲ ಹಳೆಯ ಪ್ರತಿ ದಿನಾಂಕ, ವೇಳೆಯ ಸಮೇತ ಬೇರೆ ಫೋಲ್ಡರ್‌ನಲ್ಲಿ ನಿಲ್ಲುತ್ತದೆ. ಎಡಿಟರ್ ಹಾಕಿಕೊಂಡ ದಿನವೇ, ಮೊದಲ ಕಡತ ತೆರೆಯುವ ಮೊದಲೇ ಇದನ್ನು ಮಾಡಿ. ಪೆನ್‌ಡ್ರೈವ್‌ನಿಂದ ಕಡತವನ್ನು ನೇರವಾಗಿ ತೆರೆಯಬೇಡಿ; ಕಂಪ್ಯೂಟರ್‌ಗೆ ನಕಲು ಮಾಡಿಕೊಂಡು, ಪೆನ್‌ಡ್ರೈವನ್ನು ತೆಗೆದಿಟ್ಟ ಮೇಲೆ ತೆರೆಯಿರಿ.

ಈ ಎಡಿಟರ್‌ನ ಹಳೆಯ ಆವೃತ್ತಿ ಇಟ್ಟುಕೊಂಡಿರುವವರಿಗೆ ಇನ್ನೊಂದು ಸುದ್ದಿಯನ್ನೂ ಹೇಳಬೇಕು. 2025ರ ಜೂನ್‌ನಿಂದ ಕೆಲವು ತಿಂಗಳ ಕಾಲ, ಆಯ್ದ ಕೆಲವು ಬಳಕೆದಾರರ ಅಪ್‌ಡೇಟ್ ಕೋರಿಕೆಗಳನ್ನು ದಾಳಿಕೋರರು ತಮ್ಮ ಸರ್ವರ್‌ಗೆ ತಿರುಗಿಸಿದ್ದರು ಎಂದು 2026ರ ಫೆಬ್ರವರಿಯಲ್ಲಿ ಯೋಜನೆಯವರೇ ಪ್ರಕಟಿಸಿದರು. ತೊಂದರೆಯಾದದ್ದು ತಾಣವನ್ನು ಇರಿಸಿದ್ದ ಹೋಸ್ಟಿಂಗ್ ವ್ಯವಸ್ಥೆಯಲ್ಲಿ. ಇಳಿದುಬಂದ ಅಪ್‌ಡೇಟ್‌ನ ಸಹಿಯನ್ನು ಪರೀಕ್ಷಿಸಿಯೇ ಮುಂದುವರಿಯುವ ವ್ಯವಸ್ಥೆ 8.8.9ರಲ್ಲಿ ಬಂದಿದೆ. ಅದಕ್ಕಿಂತ ಹಳೆಯದಿದ್ದರೆ, ಒಳಗಿನಿಂದ ಅಪ್‌ಡೇಟ್ ಮಾಡದೆ, ಸ್ವಂತ ತಾಣದಿಂದ ಹೊಸ ಆವೃತ್ತಿಯನ್ನು ಇಳಿಸಿ ಹಾಕಿಕೊಳ್ಳುವುದು ಕ್ಷೇಮ.

ನನ್ನ ಹನ್ನೊಂದು ಕಡತಗಳಲ್ಲಿ ನಾಲ್ಕರ ಮುದ್ರಿತ ಪ್ರತಿ ಒಂದು ಹಳೆಯ ಫೈಲಿನಲ್ಲಿ ಸಿಕ್ಕಿತು, ಅವನ್ನು ಮತ್ತೆ ಟೈಪ್ ಮಾಡಿದ್ದೇನೆ. ಉಳಿದ ಏಳನ್ನು ಅಳಿಸಿಲ್ಲ. ಅಂಕಿಗಳು, ಪದಗಳ ನಡುವಿನ ತೆರಪು, ಪೂರ್ಣವಿರಾಮಗಳು ಅವುಗಳಲ್ಲಿ ಹಾಗೆಯೇ ಉಳಿದಿವೆ. ತಂದೆಯವರು ಯಾವ ದಿನ ಹೇಳಿದ್ದು ಎಂಬ ದಿನಾಂಕಗಳೂ ಇವೆ. ಪದಗಳು ಅಕಾರಾದಿಯಲ್ಲಿ ಇದ್ದುದರಿಂದ, ಪ್ರಶ್ನೆಚಿಹ್ನೆಗಳನ್ನು ಎಣಿಸಿ, ಅದು ಯಾವ ಪದವಿರಬಹುದು ಎಂದು ದೊಡ್ಡಮ್ಮನ ಜೊತೆ ಕೂತು ನೆನಪಿಸಿಕೊಳ್ಳುತ್ತಿದ್ದೇವೆ. ಮಕಾರದ ಕಡತದಲ್ಲಿ ಹನ್ನೊಂದು ಚಿಹ್ನೆಗಳ ಒಂದು ಸಾಲಿತ್ತು. “ಮೆಟ್ಟುಗತ್ತಿ ಇರಬೇಕು ನೋಡೋ” ಎಂದರು ದೊಡ್ಡಮ್ಮ. ಎಣಿಸಿ ನೋಡಿದೆ, ಸರಿಹೋಯಿತು. ಅದರ ಕೆಳಗೆ ತಂದೆಯವರು ಹೇಳಿದ ನಾಲ್ಕು ಸಾಲಿನ ವಿವರಣೆಯಿತ್ತು. ಅದು ಏನೆಂದು ದೊಡ್ಡಮ್ಮನಿಗೂ ತಿಳಿಯದು, ನನಗೂ ನೆನಪಿಲ್ಲ.