14 ಅಡಿ ಜಾನ್ ಬೋಟನ್ನು ಮೀನು ಹಿಡಿಯುವ ದೋಣಿ ಮಾಡಿಕೊಂಡೆ: 3 ವರ್ಷ ಬಳಸಿದ ಮೇಲೆ

ನಾನಿರುವುದು ಡಾಲಸ್ ಹತ್ತಿರ. 3 ವರ್ಷದ ಹಿಂದೆ ಒಂದು ಹಳೇ ಅಲ್ಯೂಮಿನಿಯಂ ಜಾನ್ ಬೋಟ್ ತಗೊಂಡೆ. ತಳ ಚಪ್ಪಟೆ, ಮೂತಿ ಚೌಕ. ನಮ್ಮ ಹರಿಗೋಲಿನ ಹಾಗೆ ಮೊಣಕಾಲುದ್ದ ನೀರಲ್ಲೂ ತೇಲುತ್ತದೆ. ದಡದ ಪೊದೆ, ಮುಳುಗಿದ ಮರಗಳ ಸಂದಿಗೆಲ್ಲ ನುಗ್ಗಬಹುದು, ಕ್ರ್ಯಾಪಿ ಮೀನು ಇರುವುದೇ ಅಲ್ಲಿ. ನನ್ನದು 1436, ಅಂದರೆ 14 ಅಡಿ ಉದ್ದ, ತಳದ ಅಗಲ 36 ಇಂಚು.

ಎಲ್ಲರ ಹಾಗೆ ನಾನೂ ಮೊದಲು ಆಸೆಪಟ್ಟಿದ್ದು ಎತ್ತರದ ಡೆಕ್‌ಗೆ. ಮುಂದೆ ನಿಂತು ಗಾಳ ಬೀಸಬೇಕು ಅಂತ ಬೆಂಚಿಗಿಂತ ಒಂದು ಗೇಣು ಮೇಲೆ ಕಟ್ಟಿದೆ. ರೇ ರಾಬರ್ಟ್ಸ್ ಕೆರೆಯಲ್ಲಿ ಮೊದಲ ದಿನವೇ, ಗೆಳೆಯ ಮೀನಿಗೆ ಬಲೆ ಒಡ್ಡಲು ಬಗ್ಗಿದ, ನಾನೂ ಅದೇ ಕಡೆ ತಿರುಗಿದೆ, ಅಂಚಿನ ಮೇಲಿಂದ ಎರಡು ಬಕೆಟ್‌ನಷ್ಟು ನೀರು ಒಳಗೆ ಬಂತು. ಆ ಹೊತ್ತಿನ ಭಯ ಇನ್ನೂ ಮರೆತಿಲ್ಲ. 36 ಇಂಚಿನ ತಳಕ್ಕೆ ಆ ಎತ್ತರ ಆಗುವುದಿಲ್ಲ. ಮನೆಗೆ ಬಂದು ಕಿತ್ತು, ಬೆಂಚಿನ ಮಟ್ಟಕ್ಕೇ ಇಳಿಸಿದೆ. ಈಗ ಅಲ್ಲಾಡಿದರೂ ಹೆದರಿಸುವುದಿಲ್ಲ.

ನಡುವಿನ ಬೆಂಚನ್ನು ಮಾತ್ರ ಮುಟ್ಟಲಿಲ್ಲ. ಜಾಗ ಸಿಗುತ್ತದೆ ಅಂತ ಸುಮಾರು ಜನ ಕತ್ತರಿಸಿ ತೆಗೆಯುತ್ತಾರೆ. ಎರಡು ಪಕ್ಕದ ಗೋಡೆಗಳನ್ನು ಬಿಗಿಯಾಗಿ ಹಿಡಿದಿರುವುದೇ ಆ ಬೆಂಚು. ಅದರ ಹೊಟ್ಟೆಯಲ್ಲಿರುವ ಫೋಮ್, ದೋಣಿ ತುಂಬಾ ನೀರು ತುಂಬಿದರೂ ಮುಳುಗದ ಹಾಗೆ ನೋಡಿಕೊಳ್ಳುತ್ತದೆ. ನಾನು ಮಗಳನ್ನು ಕೂರಿಸಿಕೊಂಡು ಹೋಗುವವನು, ಆ ಫೋಮ್ ಬಿಟ್ಟುಕೊಡಲಾರೆ.

ದೊಡ್ಡ ತಪ್ಪು ಆಗಿದ್ದು ಪ್ಲೈವುಡ್‌ನಲ್ಲಿ. ಅಂಗಡಿಯವನು "ಇದು ಕೊಳೆಯೋದೇ ಇಲ್ಲ" ಅಂದ, ಪ್ರೆಷರ್ ಟ್ರೀಟೆಡ್ ಹಲಗೆ ತಂದು ನೆಲಕ್ಕೆ ಹಾಕಿದೆ. ಕೊಳೆಯಲಿಲ್ಲ ನಿಜ. ಎರಡನೇ ಚಳಿಗಾಲದಲ್ಲಿ ಸುಮ್ನೆ ಒಂದು ಸಲ ನೆಲ ಎತ್ತಿ ನೋಡಿದೆ. ಹಲಗೆ ತಾಗಿದ್ದ ಕಡೆಯೆಲ್ಲ ಸುಣ್ಣದ ಹಾಗೆ ಬಿಳಿ ಪುಡಿ. ಉಗುರಲ್ಲಿ ಕೆರೆದರೆ ಕೆಳಗೆ ಸಣ್ಣ ಸಣ್ಣ ಗುಳಿ, ಸೂಜಿ ಮೊನೆ ಕೂರುವಷ್ಟು. ಆ ಹಲಗೆಗೆ ಕುಡಿಸುವ ಔಷಧಿಯಲ್ಲಿ ತಾಮ್ರ ಇರುತ್ತದೆ. ತಾಮ್ರ, ಅಲ್ಯೂಮಿನಿಯಂ, ನಡುವೆ ತೇವ, ಮೂರೂ ಸೇರಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಎಲ್ಲ ತೊಳೆದು, ಉಜ್ಜಿ, ಗುಳಿಗಳಿಗೆ ಎಪಾಕ್ಸಿ ಅಂಟು ತುಂಬಿದೆ. ಈಗಿರುವುದು ಸಾದಾ ಮರೀನ್ ಪ್ಲೈ, ಎರಡೂ ಮುಖಕ್ಕೆ, ಅಂಚಿಗೆ, ಸ್ಕ್ರೂ ತೂತಿನ ಒಳಗೂ ಮೂರು ಸಲ ಎಪಾಕ್ಸಿ ಬಳಿದಿದ್ದೇನೆ. ವರ್ಷದ ಮೇಲಾಯಿತು, ಪುಡಿ ಕಂಡಿಲ್ಲ.

ತಗಡು ಜೋಡಿಸಿರುವ ರಿವೆಟ್ ಮೊಳೆಗಳ ಸಂದಿಯಲ್ಲಿ ಸೋರಿಕೆ ಹಳೇ ದೋಣಿಗೆ ಇದ್ದೇ ಇರುತ್ತದೆ. ಟ್ರೇಲರ್ ಮೇಲೆ ಇಟ್ಟು ಒಳಗೆ ನಾಲ್ಕು ಬೆರಳು ನೀರು ಬಿಡಿ, ಜಾಸ್ತಿ ಬೇಡ, ಭಾರಕ್ಕೆ ತಳ ಬಾಗುತ್ತದೆ. ಆಮೇಲೆ ಕೆಳಗೆ ಮಲಗಿ, ಹನಿ ಬೀಳುವ ಕಡೆಯೆಲ್ಲ ಮಾರ್ಕರ್‌ನಲ್ಲಿ ಗುರುತು ಹಾಕಿ. ನನಗೆ 7 ಸಿಕ್ಕವು. ಸಡಿಲವಾಗಿದ್ದ 3ಕ್ಕೆ ಹೆಂಡತಿ ಒಂದು ಕಡೆ ಕಬ್ಬಿಣದ ತುಂಡು ಒತ್ತಿ ಹಿಡಿದಳು, ಇನ್ನೊಂದು ಕಡೆಯಿಂದ ನಾನು ಸುತ್ತಿಗೆಯಲ್ಲಿ ಬಿಗಿ ಮಾಡಿದೆ. ಉಳಿದವಕ್ಕೆ ಒಳಗಿನಿಂದ ಗ್ಲುವಿಟ್ ಅನ್ನುವ ಎಪಾಕ್ಸಿ ಲೇಪ ಹಚ್ಚಿದೆ. ಇವತ್ತಿಗೂ ಸೋರಿಲ್ಲ.

ಕಾರ್ಪೆಟ್ ಹಾಕಲೇಬೇಡಿ. ಗಾಳದ ಕೊಕ್ಕೆ ಸಿಕ್ಕಿಕೊಳ್ಳುತ್ತದೆ, ಒಣಗುವುದಿಲ್ಲ, ಮೀನಿನ ವಾಸನೆ ಹೋಗುವುದಿಲ್ಲ. ತಿಳಿ ಬಣ್ಣದ ಇವಿಎ ಫೋಮ್ ಶೀಟ್ ಅಂಟಿಸಿದ್ದೇನೆ, ಚೆನ್ನಾಗಿದೆ.

ಮೋಟಾರು ಮಿನ್ ಕೋಟಾ ಕಂಪನಿಯ ಬ್ಯಾಟರಿ ಮೋಟಾರು, ತಳ್ಳುವ ಬಲ 55 ಪೌಂಡ್, 12 ವೋಲ್ಟ್. ಒಂದು ದಿನವೂ ಕೈಕೊಟ್ಟಿಲ್ಲ. ಪೂರ್ತಿ ವೇಗಕ್ಕೆ 50 ಆಂಪ್‌ನಷ್ಟು ಎಳೆಯುತ್ತದೆ, ಹಾಗಾಗಿ 100 ಆಂಪ್ ಅವರ್ ಬ್ಯಾಟರಿ ಎರಡು ಗಂಟೆ ಅಷ್ಟೇ. ಮೆಲ್ಲಗೆ ಹೋದರೆ ಬೆಳಗಿನಿಂದ ಮಧ್ಯಾಹ್ನದವರೆಗೂ ಬರುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಲಿಥಿಯಂ ಬ್ಯಾಟರಿಗೆ ಮಾಡಿ. ಹಳೇ ಸೀಸದ ಬ್ಯಾಟರಿ ಸುಮಾರು 28 ಕಿಲೋ ಇತ್ತು, ಇದು 12. ಹಿಂಭಾರ ಇಳಿದಿದ್ದೇ ತಡ, ಮೂತಿ ಮೇಲೇಳುವುದು ನಿಂತಿತು, ಗಾಳಿಗೆ ದಿಕ್ಕು ತಪ್ಪುವುದೂ ಕಡಿಮೆ ಆಯಿತು. ಆದರೂ ವಸಂತ ಕಾಲದಲ್ಲಿ ಇಲ್ಲಿ ಬೀಸುವ ದಕ್ಷಿಣದ ಗಾಳಿಗೆ ಚಪ್ಪಟೆ ತಳ ಪಟಪಟ ಬಡಿಯುತ್ತದೆ. ಟೆಕ್ಸೋಮಾದಂಥ ದೊಡ್ಡ ಕೆರೆಯ ನಡುನೀರಿಗೆ ನಾನು ಇದನ್ನು ಒಯ್ಯುವುದಿಲ್ಲ.

ಟೆಕ್ಸಸ್‌ನಲ್ಲಿ ಬ್ಯಾಟರಿ ಮೋಟಾರು ಹಾಕಿದರೂ ನೋಂದಣಿ ಆಗಲೇಬೇಕು. 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು. ಕೆರೆ ಬಿಡುವಾಗ ದೋಣಿಯ ನೀರು ಬಿಡುವ ತೂತಿನ ಪ್ಲಗ್ ಬಿಚ್ಚಿ ನೀರೆಲ್ಲ ಖಾಲಿ ಮಾಡಬೇಕು, ಜೀಬ್ರಾ ಮಸಲ್ ಅನ್ನುವ ಚಿಪ್ಪುಹುಳ ಹರಡದಿರಲಿ ಅಂತ 2014ರಿಂದ ಇಡೀ ರಾಜ್ಯಕ್ಕೆ ಈ ನಿಯಮ ಇದೆ.

ದೋಣಿ ಬಿಟ್ಟು ಒಟ್ಟು ಖರ್ಚು ಸುಮಾರು 1,900 ಡಾಲರ್. ಅದರಲ್ಲಿ 500 ಹೋಗಿದ್ದು ಒಂದು ಸಲ ಕಟ್ಟಿ ಕಿತ್ತಿದ್ದಕ್ಕೇ. ನೀವು ಈಗ ಹುಡುಕುತ್ತಿದ್ದರೆ 1448 ಸಿಗುವವರೆಗೆ ಕಾಯಿರಿ. ಆ 12 ಇಂಚು ಜಾಸ್ತಿ ಅಗಲ ಇದ್ದಿದ್ದರೆ ನನ್ನ ಮೊದಲ ಡೆಕ್ ಬಹುಶಃ ಇವತ್ತಿಗೂ ಇರುತ್ತಿತ್ತು.