ಜಪಾನಿನ ಸುನಾಮಿ ಎಚ್ಚರಿಕೆ ಸೇವೆ: ಒಂದು ವಿಮರ್ಶೆ

ಭೂಕಂಪವಾದ ಸುಮಾರು ಮೂರು ನಿಮಿಷಗಳಲ್ಲಿ ಮೊದಲ ಎಚ್ಚರಿಕೆ ಹೊರಡಿಸುವ ಗುರಿ ಹೊಂದಿರುವ ಜಪಾನ್ ಹವಾಮಾನ ಸಂಸ್ಥೆಯ ಸೇವೆಯನ್ನು ವೇಗದಿಂದಷ್ಟೇ ಅಳೆಯಲಾಗದು. ಎಚ್ಚರಿಕೆ ಕೇಳಿದ ಕರಾವಳಿಯ ಜನ ಕೈಲಿದ್ದ ಕೆಲಸ ಬಿಟ್ಟು ಎತ್ತರದ ಜಾಗಕ್ಕೆ ಹೊರಟರೇ ಎಂಬುದೇ ನಿಜವಾದ ಪರೀಕ್ಷೆ.

2011ರ ಮಾರ್ಚ್ 11ರ ಮಹಾ ಭೂಕಂಪದಂದು ಈ ಸೇವೆ ಎಡವಿತ್ತು. ಕಂಪನದ ತೀವ್ರತೆಯನ್ನು ಆರಂಭದಲ್ಲಿ ಬಹಳ ಕಡಿಮೆ ಅಂದಾಜಿಸಿದ್ದರಿಂದ ಈಶಾನ್ಯ ಜಪಾನಿನ ಇವಾಟೆ ಪ್ರಾಂತ್ಯದ ಕರಾವಳಿಗೆ 3 ಮೀಟರ್ ಅಲೆಯ ಮುನ್ಸೂಚನೆ ಹೋಯಿತು. ಬಂದದ್ದು ಅದರ ಹಲವು ಪಟ್ಟು. ಆ ಪಾಠದಿಂದ, ತೀವ್ರತೆ 8ನ್ನು ಮೀರಿರಬಹುದೆಂಬ ಶಂಕೆಯಿದ್ದರೆ ಮೊದಲ ಎಚ್ಚರಿಕೆಯಲ್ಲಿ ಅಂಕಿ ಕೊಡದೆ ‘ಭಾರಿ’ ಎಂದಷ್ಟೇ ಹೇಳುವ ಕ್ರಮ 2013ರಲ್ಲಿ ಜಾರಿಗೆ ಬಂತು. ಇದು ನನಗೆ ಅತ್ಯಂತ ಮೆಚ್ಚುಗೆಯಾದ ಬದಲಾವಣೆ, ಏಕೆಂದರೆ ಅಂಕಿ ಕೇಳಿದವರು ತಡೆಗೋಡೆಯ ಎತ್ತರದೊಂದಿಗೆ ಹೋಲಿಸುತ್ತಾ ನಿಲ್ಲುತ್ತಾರೆ, ‘ಭಾರಿ’ ಎಂದು ಕೇಳಿದವರು ಓಡುತ್ತಾರೆ.

2025ರ ಜುಲೈ 30ರಂದು ರಷ್ಯಾದ ಕಮ್ಚಾಟ್ಕಾ ಬಳಿ 8.8 ತೀವ್ರತೆಯ ಭೂಕಂಪವಾದಾಗ, ಮೊದಲು ಕೆಳಹಂತದ ಸೂಚನೆ ಕೊಟ್ಟು ಸುಮಾರು ಒಂದು ಗಂಟೆಯ ಬಳಿಕ ಅದನ್ನು ಎಚ್ಚರಿಕೆಯಾಗಿ ಏರಿಸಲಾಯಿತು. ಈ ವಿಳಂಬ ಕೊರತೆಯೇ ಸರಿ, ಆದರೂ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೋದಲ್ಲಿ ಜನರು ಕಟ್ಟಡಗಳ ತಾರಸಿ ಏರಿ ಬೇಸಿಗೆಯ ಬಿಸಿಲಿನಲ್ಲಿ ತಾಳ್ಮೆಯಿಂದ ಕಾದರು. ಇವಾಟೆಯ ಕುಜಿ ಬಂದರಿನಲ್ಲಿ 1.3 ಮೀಟರ್ ಅಲೆ ದಾಖಲಾದದ್ದು ಮಧ್ಯಾಹ್ನದ ನಂತರ. ಅಷ್ಟು ಹೊತ್ತು ನೆರಳು, ನೀರು ಒದಗಿಸುವುದೂ ಎಚ್ಚರಿಕೆಯ ಭಾಗವಾಗಬೇಕು.

ಕಡಲತೀರದಲ್ಲಿ ಬೀಸುವ ಕೆಂಪು-ಬಿಳಿ ಚೌಕಗಳ ಬಾವುಟವನ್ನು ಮರೆಯುವಂತಿಲ್ಲ. 2020ರಲ್ಲಿ ಬಂದ ಈ ಬಾವುಟ, ಸೈರನ್ ಕೇಳಿಸದ ಕಿವುಡರಿಗೂ ಅಲೆಗಳ ಸದ್ದಿನಲ್ಲಿ ಈಜುತ್ತಿರುವವರಿಗೂ ದೂರದಿಂದಲೇ ಕಾಣುತ್ತದೆ.